ಹೊಗೆಗೂ ಚಳಿಯಾಗುತ್ತದೆ

ಕೊಯಮತ್ತೂರಿನಲ್ಲಿ ನಾನು ಮಾಡುವ ಕೆಲಸ ಏನೆಂದು ಊರಿನವರಿಗೆ ವಿವರಿಸುವುದು ಸ್ವಲ್ಪ ಕಷ್ಟ. ಫೌಂಡ್ರಿ ಕುಲುಮೆಗಳಿಗೆ, ಬಾಯ್ಲರುಗಳಿಗೆ, ಹಬೆ ಹರಿಯುವ ಪೈಪುಗಳಿಗೆ ಇನ್ಸುಲೇಶನ್ ಹಾಕಿಸುವುದು ನನ್ನ ಕಸುಬು. ‘ಅಂದ್ರೆ ಪೈಪಿಗೆ ಕಂಬಳಿ ಹೊದಿಸ್ತೀಯ ಅನ್ನು’ ಎಂದು ಕೊಪ್ಪದ ನಮ್ಮ ದೊಡ್ಡಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಇಷ್ಟು ವರ್ಷದಲ್ಲಿ ಅದಕ್ಕಿಂತ ಚೊಕ್ಕ ವಿವರಣೆ ನನಗೂ ಹೊಳೆದಿಲ್ಲ.

ಕಾರ್ಖಾನೆಯ ಪೈಪುಗಳ ಜೊತೆಗೆ ನಾಲ್ಕೈದು ವರ್ಷದಿಂದ ಇನ್ನೊಂದು ಕೆಲಸ ಅಂಟಿಕೊಂಡಿದೆ. ನವೆಂಬರ್ ಕಳೆಯುತ್ತಿದ್ದಂತೆ ನೀಲಗಿರಿ ಬೆಟ್ಟದ ಮೇಲಿಂದ ಫೋನ್ ಬರುತ್ತದೆ. ಕೂನೂರು, ಕೋಟಗಿರಿ, ಊಟಿಯ ಹಳೆಯ ಬಂಗಲೆಗಳೆಲ್ಲ ಈಗ ಹೋಮ್‌ಸ್ಟೇಗಳಾಗುತ್ತಿವೆ. ಬಂದ ಅತಿಥಿಗಳಿಗೆ ಬೆಂಕಿ ಬೇಕು. ಬ್ರಿಟಿಷರ ಕಾಲದ ತೆರೆದ ಅಗ್ಗಿಷ್ಟಿಕೆ ಕಟ್ಟಿಗೆ ನುಂಗುತ್ತದೆ, ಕೋಣೆ ಬಿಸಿಯಾಗುವುದಿಲ್ಲ. ಹಾಗಾಗಿ ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆಯೊಂದನ್ನು ಹಳೆಯ ಅಗ್ಗಿಷ್ಟಿಕೆಯ ಗೂಡಿನೊಳಗೆ ತೂರಿಸಿ ಕೂರಿಸುತ್ತಾರೆ. ಇದಕ್ಕೆ ಇನ್ಸರ್ಟ್ ಎಂದು ಹೆಸರು. ಅದರ ತಲೆಯಿಂದ ಚಿಮಣಿಯ ತುದಿಯವರೆಗೆ ಒಂದು ಸ್ಟೀಲ್ ಕೊಳವೆ, ಅದು ಲೈನರ್. ಎಲ್ಲ ಹೊಸದು, ಎಲ್ಲ ದುಬಾರಿ. ಆದರೂ ಒಂದೇ ದೂರು: ಹೊಗೆ ಮೇಲೆ ಹೋಗುವುದಿಲ್ಲ, ಗಾಜು ಕಪ್ಪಾಗುತ್ತದೆ, ಮನೆಯೆಲ್ಲ ಡಾಂಬರಿನ ವಾಸನೆ.

ಉತ್ತರ ಕರ್ನಾಟಕದ ಗೆಳೆಯರಿಗೆ ಒಂದು ಮಾತು. ನಿಮ್ಮಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆ ದೀಪ. ನಾನಿಲ್ಲಿ ಹೇಳುತ್ತಿರುವುದು ಹೊಗೆ ಹೋಗಲು ಕಟ್ಟುವ ಇಟ್ಟಿಗೆಯ ಗೂಡಿನ ಬಗ್ಗೆ.

ಬೆಟ್ಟದವರ ತೊಂದರೆಯನ್ನು ಈ ಅಂಕಣದಲ್ಲಿ ಬರೆಯಲು ಕಾರಣವಿದೆ. ಚೆನ್ನೈನಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಮಡಿಕೇರಿ ಹತ್ತಿರ ಮನೆ ಕಟ್ಟಿಸುತ್ತಿದ್ದಾರೆ. ಅವರ ಅಡುಗೆಮನೆಯ ನಕ್ಷೆಯೇ ಇನ್ನೂ ಅಂತಿಮವಾಗಿಲ್ಲ, ಆದರೆ ಅಗ್ಗಿಷ್ಟಿಕೆ ಎಲ್ಲಿ ಬರಬೇಕೆಂಬುದು ಗಟ್ಟಿಯಾಗಿದೆ. ಮುಂಬೈ, ಹೈದರಾಬಾದ್‌ಗಳಲ್ಲಿ ದುಡಿದು ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಒಂದು ತುಂಡು ಜಾಗ ಮಾಡಿಕೊಂಡ ನಮ್ಮವರು ಬಹಳ ಮಂದಿ. ಮನೆಯ ಫೋಟೋ ಕಳಿಸಿದಾಗಲೆಲ್ಲ ಅದರಲ್ಲಿ ಒಂದು ಅಗ್ಗಿಷ್ಟಿಕೆ ಇದ್ದೇ ಇರುತ್ತದೆ.

ಬೆಂಕಿಗಾಗಿ ನೆಟ್ಟ ಮರ

ನೀಲಗಿರಿಯಲ್ಲಿ ಅಗ್ಗಿಷ್ಟಿಕೆ ಅಲಂಕಾರಕ್ಕೆ ಬಂದದ್ದಲ್ಲ. ಊಟಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಹಿಮದ ಹುಡಿ ಕೂರುತ್ತದೆ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಅಲ್ಲಿ ಕಲ್ಲುಮನೆ ಕಟ್ಟಿಸಿದ ಮೇಲೆ ಬಂಗಲೆಗಳ ಸಾಲೇ ಎದ್ದಿತು. ಮೈಸೂರು ಅರಸರ ಬೇಸಿಗೆ ಅರಮನೆಯಾಗಿದ್ದ ಫರ್ನ್‌ಹಿಲ್ ಕೂಡ ಅದೇ ಬೆಟ್ಟದಲ್ಲಿದೆ. ಇಷ್ಟೂ ಮನೆಗಳ ಒಲೆಗೆ, ಅಗ್ಗಿಷ್ಟಿಕೆಗೆ ಸೌದೆ ಎಲ್ಲಿಂದ ಬರಬೇಕು? ಶೋಲಾ ಕಾಡು ಕರಗತೊಡಗಿತು. ಬೇಗ ಬೆಳೆಯುವ ಮರ ಬೇಕೆಂದು ಆಸ್ಟ್ರೇಲಿಯಾದ ಯೂಕಲಿಪ್ಟಸ್ಸನ್ನು 1843ರ ಹೊತ್ತಿಗೆ ಅಲ್ಲಿ ತಂದು ನೆಟ್ಟರು. ವ್ಯಾಟಲ್ ಕೂಡ ಹಾಗೆಯೇ ಬಂತು. ಟಿಪ್ಪುವಿನ ಕಾಲದಲ್ಲೇ ನಂದಿಬೆಟ್ಟಕ್ಕೆ ಬಂದಿದ್ದ ಈ ಮರವನ್ನು ಕನ್ನಡದಲ್ಲಿ ನಾವು ಕರೆಯುವುದು ಮಾತ್ರ ಬೆಟ್ಟದ ಹೆಸರಿನಿಂದಲೇ, ನೀಲಗಿರಿ ಎಂದು. ಅಗ್ಗಿಷ್ಟಿಕೆಯ ಹಸಿವು ಒಂದು ಬೆಟ್ಟದ ಬಣ್ಣವನ್ನೇ ಬದಲಿಸಿತು ಎನ್ನಬಹುದು.

ಅಷ್ಟೊಂದು ಹಸಿವಿಗೆ ಕಾರಣ ತೆರೆದ ಅಗ್ಗಿಷ್ಟಿಕೆಯ ಸ್ವಭಾವ. ಉರಿಯುವ ಕಟ್ಟಿಗೆಯ ಕಾವಿನಲ್ಲಿ ನೂರಕ್ಕೆ ಹತ್ತು ಪಾಲು ಕೋಣೆಗೆ ಸಿಕ್ಕರೆ ಹೆಚ್ಚು, ಉಳಿದದ್ದು ಮೇಲೆ ಹೋಗುತ್ತದೆ. ಜೊತೆಗೆ ಕೋಣೆಯ ಬೆಚ್ಚಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಎದುರಿಗೆ ಕೂತವರ ಮೊಣಕಾಲು ಸುಡುತ್ತದೆ, ಬೆನ್ನು ನಡುಗುತ್ತದೆ. ಇನ್ಸರ್ಟ್ ಬಂದದ್ದು ಈ ಪೋಲನ್ನು ತಡೆಯಲು. ಬಾಗಿಲು ಮುಚ್ಚಿ, ಗಾಳಿಯನ್ನು ಅಳೆದು ಬಿಟ್ಟು, ನೂರಕ್ಕೆ 65, 70 ಪಾಲು ಕಾವನ್ನು ಕೋಣೆಯಲ್ಲೇ ಉಳಿಸುತ್ತದೆ.

ತೊಡಕು ಶುರುವಾಗುವುದು ಇಲ್ಲಿಂದ. ತೆರೆದ ಬೆಂಕಿ ಪೋಲು ಮಾಡುತ್ತಿದ್ದ ಆ ಕಾವೇ ಚಿಮಣಿಯನ್ನು ಬಿಸಿಯಾಗಿಟ್ಟು ಹೊಗೆಯನ್ನು ಎಳೆದು ಒಯ್ಯುತ್ತಿತ್ತು. ಇನ್ಸರ್ಟಿನಿಂದ ಹೊರಡುವ ಹೊಗೆ ಕಡಿಮೆ, ಅದರ ಬಿಸಿಯೂ ಕಡಿಮೆ. ಚಳಿಗಾಲದ ರಾತ್ರಿಯಲ್ಲಿ ತಣ್ಣಗಿರುವ ಇಟ್ಟಿಗೆ ಗೂಡಿನ ನಡುವೆ, ಬರಿಮೈ ಸ್ಟೀಲ್ ಕೊಳವೆಯಲ್ಲಿ ಅದು ಮೂವತ್ತು ಅಡಿ ಏರಬೇಕು. ಅರ್ಧ ದಾರಿಯಲ್ಲೇ ಅದಕ್ಕೆ ಚಳಿ ಹಿಡಿಯುತ್ತದೆ.

ರೈಲಿಲ್ಲದ ಹೊತ್ತಿನ ರೈಲಿನ ಸದ್ದು

ಕೂನೂರಿನ ಒಂದು ಮನೆಯ ವಿಷಯ ಹೇಳುತ್ತೇನೆ. ಮನೆಯವರು ಮೈಸೂರಿನವರು, ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನಿಂದ ನಿವೃತ್ತರು. ನಾಲ್ಕು ಕೋಣೆಯ ಹಳೆಯ ಬಂಗಲೆ ಕೊಂಡು ಹೋಮ್‌ಸ್ಟೇ ಮಾಡಿದ್ದರು. ಬಯಲಿನ ಊರೊಂದರಿಂದ ಬಂದ ಕಂತ್ರಾಟುದಾರರು ಇನ್ಸರ್ಟ್ ಕೂರಿಸಿ, ಬರಿಯ ಲೈನರನ್ನು ಚಿಮಣಿಯೊಳಗೆ ಇಳಿಬಿಟ್ಟು ಹೋಗಿದ್ದರು. ಮೊದಲ ವರ್ಷ ಹೇಗೋ ಕಳೆಯಿತು. ಎರಡನೇ ಚಳಿಗಾಲದಲ್ಲಿ ಬೆಂಕಿ ಹಚ್ಚುವಾಗ ಹೊಗೆ ಕೋಣೆಗೇ ಮರಳಿ ಬರತೊಡಗಿತು. ಮಹಡಿಯ ಮಲಗುವ ಕೋಣೆಯಲ್ಲಿ, ಚಿಮಣಿ ಹಾದುಹೋಗುವ ಗೋಡೆಯ ಮೇಲೆ ಕಂದು ಕಲೆ ಇಳಿಯಿತು.

‘ಸರ್, ಸುಣ್ಣ ಹೊಡೆಸಿದ್ರೂ ಹದಿನೈದು ದಿನಕ್ಕೆ ಮತ್ತೆ ಬರತ್ತೆ, ಇದು ಮಳೆ ನೀರಲ್ಲ’ ಎಂದರು ಮನೆಯೊಡತಿ.

ಮಳೆ ನೀರಲ್ಲ ಎಂಬುದು ನಿಜ. ಆ ಮನೆಯ ಉಸ್ತುವಾರಿ ನೋಡುವವರು ಬಡಗ ಸಮುದಾಯದ ಹಿರಿಯರು. ಅವರದು ಬಡಗ ಮಾತು, ನನ್ನದು ಮಲೆನಾಡಿನ ಕನ್ನಡ, ಸಿಕ್ಕಿಕೊಂಡಾಗ ಇಬ್ಬರೂ ತಮಿಳಿಗೆ ಇಳಿಯುತ್ತಿದ್ದೆವು. ಅವರು ಇನ್ನೊಂದು ಸಂಗತಿ ಹೇಳಿದರು. ಜನವರಿಯ ಒಂದು ರಾತ್ರಿ ಚಿಮಣಿಯೊಳಗಿಂದ ರೈಲು ಹೋದ ಹಾಗೆ ಸದ್ದು ಬಂತಂತೆ, ಐದಾರು ನಿಮಿಷ. ಆ ಹೊತ್ತಿನಲ್ಲಿ ಕೂನೂರಿಗೆ ಯಾವ ರೈಲೂ ಇಲ್ಲ. ಆಮೇಲೆ ತಾನಾಗಿ ನಿಂತಿತು. ಮಾಲೀಕರಿಗೆ ಅವರು ಇದನ್ನು ಹೇಳಿರಲಿಲ್ಲ, ಗಾಳಿ ಇರಬೇಕು ಎಂದುಕೊಂಡಿದ್ದರು.

ಚಿಮಣಿಗೆ ಬೆಂಕಿ ಬಿದ್ದಾಗ ಬರುವ ಸದ್ದು ಅದೇ. ಒಳಗೆ ಅಂಟಿಕೊಂಡ ಮಸಿ ಹೊತ್ತಿಕೊಂಡು, ಕೆಳಗಿನಿಂದ ಗಾಳಿ ನುಗ್ಗಿ, ಕೊಳವೆಯೇ ಕೊಳಲಿನಂತೆ ಕೂಗುತ್ತದೆ. ನಾವು ಲೈನರನ್ನು ಎಳೆದು ಹೊರಗೆ ಹಾಕಿದಾಗ ಒಳಗಿದ್ದ ಕಪ್ಪು ಚಕ್ಕೆಗಳು ಅರಳಿನಂತೆ ಉಬ್ಬಿದ್ದವು. ಒಮ್ಮೆ ಉರಿದ ಮಸಿಯ ಗುರುತು ಅದು. ಕೊಳವೆಯ ಮೇಲಿನ ಭಾಗ ನೀಲಿಗಟ್ಟಿ ಸೊಟ್ಟಗಾಗಿತ್ತು. ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟು ನೋಡಿದರೆ ಚಿಮಣಿಗೆ ತಗುಲಿಕೊಂಡೇ ಒಂದು ತೊಲೆ ಹಾದುಹೋಗಿದೆ. ಇಟ್ಟಿಗೆಯ ಕಡೆಗಿದ್ದ ಅದರ ಮೈ ಬೆರಳು ತಾಗಿಸಿದರೆ ಇದ್ದಿಲಿನಂತೆ ಉದುರುತ್ತಿತ್ತು. ಅದರ ಕೆಳಗಿನ ಕೋಣೆಯಲ್ಲಿ ಆ ವಾರಾಂತ್ಯ ಇಬ್ಬರು ಮಕ್ಕಳಿರುವ ಕುಟುಂಬವೊಂದು ಬರುವುದಿತ್ತು. ಮೇಡಂ ಅಲ್ಲೇ ನಿಂತು ಫೋನ್ ಮಾಡಿ ಆ ಬುಕಿಂಗ್ ರದ್ದು ಮಾಡಿದರು.

ತೊಲೆ ಒಂದೇ ರಾತ್ರಿಯಲ್ಲಿ ಹೀಗಾಗುವುದಿಲ್ಲ. ವರ್ಷಗಟ್ಟಲೆ ಕಾವು ತಿಂದು ತಿಂದು ಮರ ಒಳಗೊಳಗೇ ಕರಿಯಾಗುತ್ತದೆ. ಹಾಗಾದ ಮರ ಹೊಸ ಮರಕ್ಕಿಂತ ಕಡಿಮೆ ತಾಪಕ್ಕೇ ಹೊತ್ತಿಕೊಳ್ಳುತ್ತದೆ. ಹಳೆಯ ಬಂಗಲೆಗಳ ಚಿಮಣಿಯಲ್ಲಿ ಸುಣ್ಣದ ಗಾರೆ ಅಲ್ಲಲ್ಲಿ ಉದುರಿ ಸಂದು ಬಿಟ್ಟಿರುತ್ತದೆ. ಬರಿ ಲೈನರಿನೊಳಗೆ ಬೆಂಕಿ ಬಿದ್ದರೆ ಸ್ಟೀಲ್ ಕೆಂಪಗೆ ಕಾಯುತ್ತದೆ, ಆ ಕಾವು ಸಂದಿನಿಂದ ನೇರವಾಗಿ ತೊಲೆಗೆ ತಾಗುತ್ತದೆ.

ಇಲ್ಲಣ ಹೇಗೆ ಹುಟ್ಟುತ್ತದೆ

ನಮ್ಮ ಮಲೆನಾಡಿನ ಅಡುಗೆಮನೆಯ ಜಂತಿಯಲ್ಲಿ ನೇತಾಡುವ ಇಲ್ಲಣ ಗೊತ್ತಲ್ಲ, ಇದು ಅದರ ಕೆಟ್ಟ ಅಣ್ಣ. ಇಂಗ್ಲಿಷಿನಲ್ಲಿ ಕ್ರಿಯೋಸೋಟ್ ಎನ್ನುತ್ತಾರೆ. ಪೂರ್ತಿ ಉರಿಯದ ಕಟ್ಟಿಗೆಯಿಂದ ಎದ್ದ ಡಾಂಬರಿನಂಥ ಆವಿ ಹೊಗೆಯ ಜೊತೆ ಮೇಲೇರುತ್ತದೆ. ಹೊಗೆಯ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಕೊಳವೆಯ ಗೋಡೆಗೆ ಅಂಟತೊಡಗುತ್ತದೆ. ಮೊದಲು ಬ್ರಷ್ಷಿಗೆ ಉದುರುವ ಪುಡಿ, ಆಮೇಲೆ ಚಕ್ಕೆ, ಕೊನೆಗೆ ಅರಗಿನ ಹಾಗೆ ಹೊಳೆಯುವ ಗಟ್ಟಿ ಪದರ. ಈ ಮೂರನೆಯದು ಬ್ರಷ್ಷಿಗೂ ಬಗ್ಗುವುದಿಲ್ಲ, ಬೆಂಕಿ ತಗುಲಿದರೆ ಸಾವಿರ ಡಿಗ್ರಿ ದಾಟುತ್ತದೆ.

ನೀರಿನ ಲೆಕ್ಕವನ್ನೂ ನೋಡಿ. ಚೆನ್ನಾಗಿ ಒಣಗಿದ ಕಟ್ಟಿಗೆ ಒಂದು ಕಿಲೋ ಸುಟ್ಟರೂ ಅರ್ಧ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹೊಗೆಯಲ್ಲಿ ಸೇರುತ್ತದೆ. ಮರದಲ್ಲಿರುವ ಜಲಜನಕ ಉರಿದು ಹುಟ್ಟುವ ನೀರು ಅದು, ಒಣಗಿಸಿ ಕಳೆಯುವಂಥದ್ದಲ್ಲ. ಹಸಿ ಸೌದೆಯಾದರೆ ಅದರ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಅದು ಬೇರೆ. ಇಷ್ಟೂ ತಣ್ಣಗಿನ ಕೊಳವೆಯಲ್ಲಿ ಬೆವರಿ, ಮಸಿಯ ಜೊತೆ ಕಲಸಿ ಕೆಳಗಿಳಿದದ್ದೇ ಮಹಡಿಯ ಗೋಡೆಯ ಕಂದು ಕಲೆ.

ಹೊಗೆ ಹಿಂದಿರುಗುವುದಕ್ಕೂ ಕಾರಣ ಇದೇ ತಣ್ಣನೆ. ಬಿಸಿ ಗಾಳಿ ಹಗುರ, ತಣ್ಣನೆಯ ಗಾಳಿ ಭಾರ, ಎರಡರ ನಡುವಿನ ವ್ಯತ್ಯಾಸವೇ ಚಿಮಣಿಯ ಎಳೆತ. ಕೂನೂರು ಸುಮಾರು 1,850 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯೇ ಬಯಲಿಗಿಂತ ಐದರಲ್ಲಿ ಒಂದು ಪಾಲು ತೆಳು. ಎಳೆತವೂ ಅಷ್ಟೇ ಕಡಿಮೆ. ಹೊರಗೆ 10 ಡಿಗ್ರಿ ಚಳಿ, 9 ಮೀಟರಿನ ಚಿಮಣಿ, ಒಳಗಿನ ಹೊಗೆ ಸರಾಸರಿ 150 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕಿದರೆ ಸುಮಾರು 29 ಪಾಸ್ಕಲ್ ಎಳೆತ ಸಿಗುತ್ತದೆ. ಅದೇ ಹೊಗೆ ತಣಿದು ಸರಾಸರಿ 60 ಡಿಗ್ರಿಗೆ ಇಳಿದರೆ ಸಿಗುವುದು 13 ಮಾತ್ರ. ಸಾಮಾನ್ಯ ಇನ್ಸರ್ಟಿಗೆ 12 ಪಾಸ್ಕಲ್ಲಾದರೂ ಬೇಕು. ಅಂದರೆ ಅಂಚಿನಲ್ಲಿ ನಿಂತ ಹಾಗೆ. ಸ್ವಲ್ಪ ಎದುರು ಗಾಳಿ ಬೀಸಿದರೆ, ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು, ಹೊಗೆ ಬೈಠಕ್ ಕೋಣೆಗೆ ಹೊರಳುತ್ತದೆ. ಆ ಮನೆಯ ಚಿಮಣಿ ಬೇರೆ ಹೊರಗೋಡೆಯ ಮೇಲಿತ್ತು. ಮನೆಯ ನಡುವಿನ ಚಿಮಣಿಗೆ ಸುತ್ತಲಿನ ಕೋಣೆಗಳ ಬೆಚ್ಚನೆಯಾದರೂ ಸಿಗುತ್ತದೆ. ಹೊರಗೋಡೆಯದಕ್ಕೆ ಮೂರು ಕಡೆಯೂ ಮಂಜು.

ಲೈನರಿಗೆ ಇನ್ಸುಲೇಶನ್ ಏಕೆ ಎಂದು ಕೇಳಿದರೆ ಹೆಚ್ಚಿನವರು ‘ಕಾವು ಉಳಿಸೋಕೆ’ ಎನ್ನುತ್ತಾರೆ. ಕೋಣೆಗೆ ಅದರಿಂದ ಒಂದು ಡಿಗ್ರಿಯೂ ಹೆಚ್ಚು ಸಿಗುವುದಿಲ್ಲ. ಹೊಗೆಯ ಮೈ ಬೆಚ್ಚಗಿಟ್ಟು ತುದಿಯವರೆಗೆ ಕಳಿಸುವುದು, ಒಂದು ವೇಳೆ ಒಳಗೆ ಬೆಂಕಿ ಬಿದ್ದರೆ ಅದನ್ನು ತೊಲೆಗೆ ತಾಗದಂತೆ ತಡೆಯುವುದು, ಇವೆರಡೇ ಅದರ ಕೆಲಸ. ಇದರ ಫಲ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಎಸ್ಟಿಮೇಟಿನಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇನ್ಸರ್ಟ್ ಮತ್ತು ಸ್ಟೀಲ್ ಕೊಳವೆಯದು, ಕಂಬಳಿಯದು ಅದರ ಮುಂದೆ ಚಿಲ್ಲರೆ.

ಹುಲ್ಲಿನ ಮೇಲೆ ಹಾಸಿದ ಕೊಳವೆ

ಆ ಮನೆಯ ಚಿಮಣಿ ಒಳಗಿನಿಂದ 9 ಅಂಗುಲ ಚದರ, ಎಂದರೆ ಸುಮಾರು 229 ಮಿಲಿಮೀಟರ್. ಮೊದಲು ಉದ್ದನೆಯ ಬ್ರಷ್ ಹಾಕಿ ಗುಡಿಸಿದೆವು. ಹಕ್ಕಿಗೂಡಿನ ಕಡ್ಡಿ ಒಂದು ಬುಟ್ಟಿ, ಯಾವ ಕಾಲದ್ದೋ ಒಣಗಿದ ಜೇನುಹಟ್ಟಿ, ಮತ್ತೆ ಮಸಿ. ಹೊಸ ಲೈನರ್ 6 ಅಂಗುಲದ್ದು, ಬಳುಕುವ ಸ್ಟೇನ್‌ಲೆಸ್ ಸ್ಟೀಲ್, 316 ದರ್ಜೆ. ಹೊರಗಿನ ಅಳತೆ ಸುಮಾರು 155 ಮಿಲಿಮೀಟರ್.

ಕಂಬಳಿಗೆ ಫೌಂಡ್ರಿಯಲ್ಲಿ ನಾವು ದಿನವೂ ಬಳಸುವ ಸೆರಾಮಿಕ್ ಫೈಬರ್ ಬ್ಲಾಂಕೆಟ್ಟೇ ಸಾಕು. ಘನ ಮೀಟರಿಗೆ 128 ಕಿಲೋ ಸಾಂದ್ರತೆ, 1,260 ಡಿಗ್ರಿ ತಾಳುವ ದರ್ಜೆ. ಪ್ರಶ್ನೆ ದಪ್ಪದ್ದು. 25 ಮಿಲಿಮೀಟರ್ ದಪ್ಪದ್ದು ಸುತ್ತಿದರೆ ಒಟ್ಟು ಅಗಲ 205 ಆಗುತ್ತದೆ, ಗೋಡೆಗೂ ಅದಕ್ಕೂ ಪ್ರತಿ ಕಡೆ 12 ಮಿಲಿಮೀಟರ್ ಮಾತ್ರ ಉಳಿಯುತ್ತದೆ. ಹಳೆಯ ಗಾರೆಯ ಉಬ್ಬುಗಳು ಇಳಿಸುವಾಗ ಅದನ್ನು ಸಿಗಿದು ಹಾಕುತ್ತವೆ. ಹರಿದ ಕಂಬಳಿಗಿಂತ ತೆಳು ಕಂಬಳಿ ಮೇಲು. ಅರ್ಧ ಅಂಗುಲದ್ದು, ಅಂದರೆ 13 ಮಿಲಿಮೀಟರಿನದು ತಂದೆವು. 610 ಮಿಲಿಮೀಟರ್ ಅಗಲದ ರೋಲ್ ಈ ಕೊಳವೆಯ ಸುತ್ತ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ, ಅಂಚಿನ ಮೇಲೆ ಅಂಚು ನಾಲ್ಕು ಸೆಂಟಿಮೀಟರ್ ಬರುತ್ತದೆ.

ಅಂಗಳದ ಹುಲ್ಲಿನ ಮೇಲೆ ತಾಡಪಾಲು ಹಾಸಿ ಕೊಳವೆಯನ್ನು ನೇರವಾಗಿ ಮಲಗಿಸಿದೆವು. ಉದ್ದಕ್ಕೆ ಕಂಬಳಿ ಸುತ್ತಿ, ಹೊರಮೈಗೆ ಅಲ್ಯೂಮಿನಿಯಂ ಹಾಳೆ, ಸಂದಿಗೆ ಅದೇ ಲೋಹದ ಟೇಪು, ಒಂದೊಂದು ಅಡಿಗೆ ಸ್ಟೀಲ್ ತಂತಿಯ ಕಟ್ಟು. ಎಲ್ಲದರ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಚೀಲ. ಈ ಜಾಲರಿಯನ್ನು ಬಿಟ್ಟುಬಿಡುವವರೇ ಹೆಚ್ಚು. ಅದಿಲ್ಲದಿದ್ದರೆ ಕಂಬಳಿ ಚಿಮಣಿಯ ಮೊದಲ ಮೂರು ಅಡಿಯಲ್ಲೇ ಹರಿದು ಹೋಗುತ್ತದೆ, ಕೆಳಗೆ ತಲುಪುವುದು ಬರಿ ಕೊಳವೆ, ಮೇಲಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಳಿಸಲು ಚಾವಣಿಯ ಮೇಲೆ ಮೂವರು, ಕೆಳಗೆ ಹಗ್ಗ ಹಿಡಿದವನೊಬ್ಬ. ಎಳೆಯಬಾರದು, ದಾರಿ ತೋರಿಸಬೇಕಷ್ಟೆ.

ಕೆಳಗೆ, ಇನ್ಸರ್ಟಿನ ತಲೆಯ ಮೇಲೆ, ಚಿಮಣಿಯ ಬಾಯಿಗೆ ಒಂದು ಸ್ಟೀಲ್ ತಗಡು ಕತ್ತರಿಸಿ ಕೂರಿಸಿ ಅದರ ಮೇಲೆ ರಾಕ್ ವುಲ್ ತುಂಬಿದೆವು. ಇಲ್ಲದಿದ್ದರೆ ಕೋಣೆಯ ಬೆಚ್ಚನೆಯ ಗಾಳಿ ಲೈನರಿನ ಸುತ್ತಲಿನ ಖಾಲಿ ಜಾಗದಲ್ಲಿ ಏರಿ ಹೋಗುತ್ತದೆ. ಮೇಲೆ, ಚಿಮಣಿಯ ತುದಿಗೆ ತಗಡಿನ ಮುಚ್ಚಳ, ಅದರ ಮೇಲೆ ಮಳೆ ಟೋಪಿ. ಕೂನೂರಿನಲ್ಲಿ ಇದನ್ನು ಎಚ್ಚರದಿಂದ ಮಾಡಬೇಕು, ಏಕೆಂದರೆ ಅಲ್ಲಿ ಹಿಂಗಾರು ಮಳೆ ಜೋರು. ಅಕ್ಟೋಬರ್, ನವೆಂಬರಿನಲ್ಲಿ ಸುರಿದು, ಬೆಂಕಿ ಹಚ್ಚುವ ಕಾಲಕ್ಕೆ ಸರಿಯಾಗಿ ಎಲ್ಲವನ್ನೂ ನೆನೆಸಿರುತ್ತದೆ. ಸೆರಾಮಿಕ್ ಕಂಬಳಿ ನೀರು ಕುಡಿದರೆ ಒದ್ದೆ ಹಚ್ಚಡದ ಹಾಗೆ, ಹೊದ್ದರೂ ಚಳಿ.

ಆ ಸುಟ್ಟ ತೊಲೆಯ ಪಕ್ಕಕ್ಕೆ ಬೇರೆ ಆಧಾರ ಕೊಟ್ಟು, ಕರಿಯಾದ ಭಾಗವನ್ನು ಕತ್ತರಿಸಿ ತೆಗೆಸಿ, ಚಿಮಣಿಯಿಂದ ದೂರ ಸರಿಸಿದೆವು. ಬಡಗಿಗೆ ಎರಡು ದಿನದ ಕೆಲಸ. ಲೈನರಿನ ಕೆಲಸ ಒಂದೂವರೆ ದಿನದ್ದು.

ಚಿಮಣಿಯಲ್ಲಿ ತಿರುವಿದ್ದರೆ, ಕಂಬಳಿ ಸುತ್ತಿದ ಕೊಳವೆ ಇಳಿಯುವುದೇ ಇಲ್ಲ. ಆಗ ಬರಿ ಕೊಳವೆ ಇಳಿಸಿ, ಸುತ್ತಲಿನ ಜಾಗಕ್ಕೆ ಮೇಲಿನಿಂದ ವರ್ಮಿಕ್ಯುಲೈಟನ್ನು ಸಿಮೆಂಟಿನಂಥ ಬಂಧಕದ ಜೊತೆ ಕಲಸಿ ಸುರಿಯುತ್ತಾರೆ. ವರ್ಮಿಕ್ಯುಲೈಟ್ ಎಂದರೆ ನರ್ಸರಿಗಳಲ್ಲಿ ಸಸಿಯ ಕುಂಡಕ್ಕೆ ಹಾಕುವ ಹಗುರ ಹರಳು. ಬಂಧಕವಿಲ್ಲದೆ ಒಣದಾಗಿ ಸುರಿದರೆ ಕ್ರಮೇಣ ಕುಸಿದು ಮೇಲಿನ ಭಾಗ ಬರಿದಾಗುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಲೈನರ್ ಬದಲಿಸುವುದೂ ಕಷ್ಟ. ಹಾಗಾಗಿ ದಾರಿಯಿದ್ದರೆ ನಾನು ಕಂಬಳಿಯನ್ನೇ ಆರಿಸುತ್ತೇನೆ.

ಏನು ಬಳಸಬಾರದು ಎಂಬುದನ್ನೂ ಹೇಳಬೇಕು. ಊಟಿಯ ಒಂದು ಮನೆಯಲ್ಲಿ ಏಸಿ ಡಕ್ಟಿಗೆ ಸುತ್ತುವ ಗ್ಲಾಸ್ ವುಲ್ಲನ್ನು ಲೈನರಿನ ಕೆಳಗಿನ ಹತ್ತು ಅಡಿಗೆ ಮಾತ್ರ ಸುತ್ತಿದ್ದು ನೋಡಿದ್ದೇನೆ. ಅದರ ಅಂಟು ಸುಟ್ಟು, ಉಣ್ಣೆ ಕುಗ್ಗಿ ಕೆಳಗೆ ಬಿದ್ದಿತ್ತು. ಅಮೆರಿಕದ ಯುಎಲ್ 1777 ಮಾನದಂಡದಲ್ಲಿ ಲೈನರನ್ನು ಪರೀಕ್ಷಿಸುವಾಗ ಸುಮಾರು 1,150 ಡಿಗ್ರಿಯ ಚಿಮಣಿ ಬೆಂಕಿಯನ್ನು ತಾಳಬೇಕು ಎಂದಿದೆ. ಆ ಬಿಸಿಗೆ ಗ್ಲಾಸ್ ವುಲ್ ನಿಲ್ಲುವ ಮಾತೇ ಇಲ್ಲ. ಬಾಗಿಲಿನ ಅಂಚಿಗೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುವ ಆಸ್ಬೆಸ್ಟಾಸ್ ಹಗ್ಗವೂ ಬೇಡ, ಗಾಜಿನ ನಾರಿನ ಹಗ್ಗ ಸಿಗುತ್ತದೆ.

ಸೆರಾಮಿಕ್ ಫೈಬರೂ ನಿರುಪದ್ರವಿಯಲ್ಲ. ಅದರ ಸೂಕ್ಷ್ಮ ನಾರು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ತರಬಹುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಶಂಕಿತರ ಪಟ್ಟಿಯಲ್ಲಿಟ್ಟಿದೆ. ಜಾಲರಿಯೊಳಗೆ, ಚಿಮಣಿಯೊಳಗೆ ಹೋದ ಮೇಲೆ ಮನೆಯವರಿಗೆ ತೊಂದರೆಯಿಲ್ಲ. ಅಪಾಯ ಕತ್ತರಿಸುವವನಿಗೆ. ದಿನಗೂಲಿಗೆ ಬಂದ ಹುಡುಗರು ಬರಿಗೈಯಲ್ಲಿ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಇದನ್ನು ಕತ್ತರಿಸುವುದನ್ನು ಫೌಂಡ್ರಿಗಳಲ್ಲಿ ಇವತ್ತಿಗೂ ನೋಡುತ್ತೇನೆ. ಕರವಸ್ತ್ರದಿಂದ ಏನೂ ಆಗದು. ಸರಿಯಾದ ಮಾಸ್ಕ್, ತುಂಬುತೋಳಿನ ಅಂಗಿ, ಕೈಗವಸು ಕೊಡದೆ ಈ ಕೆಲಸ ಮಾಡಿಸುವ ಹಕ್ಕು ಯಾರಿಗೂ ಇಲ್ಲ, ಮನೆ ನಿಮ್ಮದಾದರೆ ಕೇಳಿ ಮಾಡಿಸುವ ಜವಾಬ್ದಾರಿ ನಿಮ್ಮದೂ ಹೌದು. ದೇಹದಲ್ಲಿ ಕರಗುವ ಬಗೆಯ ನಾರಿನ ಕಂಬಳಿಯೂ ಈಗ ಬಂದಿದೆ. ಬೆಲೆ ಸ್ವಲ್ಪ ಹೆಚ್ಚು, ಮನೆಯ ಕೆಲಸಕ್ಕೆ ನಾನೀಗ ಅದನ್ನೇ ತರಿಸುತ್ತೇನೆ.

ರಾತ್ರಿಯಿಡೀ ಹೊಗೆಯಾಡುವ ಬೆಂಕಿ

ಕಂಬಳಿ ಹೊದಿಸಿದ ಮಾತ್ರಕ್ಕೆ ಎಲ್ಲ ಸರಿಯಾಯಿತು ಎಂದೇನೂ ಇಲ್ಲ. ಹೋಮ್‌ಸ್ಟೇಗಳಲ್ಲಿ ಒಂದು ರೂಢಿಯಿದೆ. ರಾತ್ರಿ ಹತ್ತಕ್ಕೆ ಒಂದು ದಪ್ಪ ಹಸಿ ಕೊರಡು ಒಳಗೆ ತಳ್ಳಿ, ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಿಬಿಡುವುದು. ಬೆಳಗಿನವರೆಗೆ ಕೆಂಡ ಉಳಿಯುತ್ತದೆ, ನಿಜ. ಆದರೆ ಅದು ಉರಿಯುವುದಲ್ಲ, ಬೇಯುವುದು. ಮಸಿ ಅತಿ ಹೆಚ್ಚು ಕಟ್ಟುವುದು ಆ ಏಳೆಂಟು ಗಂಟೆಯಲ್ಲೇ.

ಮಸಿಗಿಂತ ಕೆಟ್ಟದ್ದು ಕಾರ್ಬನ್ ಮೊನಾಕ್ಸೈಡ್. ಬೇಯುವ ಕಟ್ಟಿಗೆ ಅದನ್ನು ಧಾರಾಳವಾಗಿ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಳೆತ ಸತ್ತ ತಣ್ಣನೆಯ ಕೊಳವೆಯಿಂದ ಅದು ಮಲಗಿದವರ ಕೋಣೆಗೆ ಹಿಂದಿರುಗಿದರೆ ಯಾರಿಗೂ ಎಚ್ಚರವಾಗುವುದಿಲ್ಲ. ಗಿರಿಧಾಮಗಳಲ್ಲಿ ಇದ್ದಿಲಿನ ಒಲೆ ಒಳಗಿಟ್ಟು ಮಲಗಿದವರು ಬೆಳಗ್ಗೆ ಏಳದ ಸುದ್ದಿಯನ್ನು ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ಇನ್ಸರ್ಟ್ ಅಷ್ಟು ಅಪಾಯದ್ದಲ್ಲ, ಎಳೆತ ಇರುವವರೆಗೆ. ಅಗ್ಗಿಷ್ಟಿಕೆ ಇರುವ ಕೋಣೆಗೂ ಮಲಗುವ ಕೋಣೆಗೂ ಒಂದೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕದೆ ನಾನು ಕೆಲಸ ಮುಗಿಯಿತೆಂದು ಬರೆದುಕೊಡುವುದಿಲ್ಲ. ಕೂನೂರಿನ ಮೇಡಂ ಮಲಗುವ ನಾಲ್ಕೂ ಕೋಣೆಗೆ ಹಾಕಿಸಿದ್ದಾರೆ.

ಕಟ್ಟಿಗೆಯ ವಿಷಯದಲ್ಲಿ ಉಸ್ತುವಾರಿ ಅಣ್ಣನ ಜೊತೆ ಒಂದಿಡೀ ಮಧ್ಯಾಹ್ನ ಚರ್ಚೆಯಾಯಿತು. ಆರು ತಿಂಗಳ ಹಿಂದೆ ಕಡಿದದ್ದು, ಒಣಗಿದೆ ಎಂಬುದು ಅವರ ವಾದ. ಒಂದು ನೀಲಗಿರಿ ಕೊರಡನ್ನು ಸೀಳಿಸಿ, ಒಳಮೈಗೆ ತೇವ ಅಳೆಯುವ ಮೀಟರಿನ ಮುಳ್ಳು ಚುಚ್ಚಿದೆ. ಮೂವತ್ತು ದಾಟಿತು. ಇಪ್ಪತ್ತಕ್ಕಿಂತ ಕೆಳಗಿರಬೇಕು. ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಸುಳ್ಳು ಹೇಳಲ್ಲ ತಾನೇ’ ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ಅವರೇ ಸೀಳಿದ ಸೌದೆಗೆಂದು ಎರಡು ಕಡೆ ಗಾಳಿಯಾಡುವ ತಗಡಿನ ಚಪ್ಪರ ಕಟ್ಟಿಸಿದರು. ಈ ವರ್ಷ ಕಡಿದದ್ದು ಮುಂದಿನ ವರ್ಷಕ್ಕೆ ಎಂಬ ಲೆಕ್ಕ ಈಗ ಅಲ್ಲಿ ನಡೆಯುತ್ತಿದೆ.

ಮಡಿಕೇರಿಯ ಗೆಳೆಯರಿಗೆ ನಾನು ಹೇಳಿದ್ದು ಇಷ್ಟು. ಹೊಸ ಮನೆಯಲ್ಲವೇ, ಚಿಮಣಿಯನ್ನು ಹೊರಗೋಡೆಗೆ ಅಂಟಿಸದೆ ಮನೆಯ ನಡುವೆ ತನ್ನಿ. ತಿರುವಿಲ್ಲದೆ ನೇರ ಕಟ್ಟಿಸಿ. ಒಳಗಳತೆ 9 ಅಂಗುಲಕ್ಕೆ ನಿಲ್ಲಿಸದೆ 10 ಅಂಗುಲ ಇಡಿಸಿದರೆ 25 ಮಿಲಿಮೀಟರ್ ಕಂಬಳಿಯೂ ಸಲೀಸಾಗಿ ಇಳಿಯುತ್ತದೆ. ಮರದ ಜಂತಿ ಯಾವುದೂ ಅದಕ್ಕೆ ತಾಗದಿರಲಿ. ಮೇಸ್ತ್ರಿ ‘ಎಲ್ಲ ಮನೆಗೂ ಹೀಗೇ ಮಾಡೋದು ಸಾರ್’ ಎಂದರೆ, ಆ ಮನೆಗಳಲ್ಲಿ ಎಷ್ಟರಲ್ಲಿ ನಿಜವಾಗಿ ಬೆಂಕಿ ಹಚ್ಚುತ್ತಾರೆ ಎಂದು ಕೇಳಿ. ಬಹುಪಾಲು ಅಗ್ಗಿಷ್ಟಿಕೆಗಳಲ್ಲಿ ಹೂಕುಂಡ ಇರುತ್ತದೆ. ಕೊಡಗಿನ ಮುಂಗಾರು ಕೂನೂರಿನ ಹಿಂಗಾರಿಗಿಂತ ಕಮ್ಮಿಯೇನಲ್ಲ, ತುದಿಯ ಟೋಪಿಯ ವಿಷಯದಲ್ಲಿ ಜಿಪುಣತನ ಬೇಡ.

ಕಳೆದ ಮಾರ್ಚ್‌ನಲ್ಲಿ, ಕಾಲ ಮುಗಿದ ಮೇಲೆ, ಕೂನೂರಿನ ಲೈನರಿಗೆ ಬ್ರಷ್ ಹಾಕಿದೆವು. ಉದುರಿದ್ದು ಎರಡು ಲೋಟದಷ್ಟು ಕಂದು ಪುಡಿ, ಒಂದೂ ಹೊಳೆಯುವ ಚಕ್ಕೆಯಿಲ್ಲ. ಮಹಡಿಯ ಗೋಡೆಗೆ ಹೊಡೆದ ಸುಣ್ಣ ಹಾಗೆಯೇ ಇತ್ತು. ವರ್ಷಕ್ಕೊಮ್ಮೆ ಈ ಗುಡಿಸುವ ಕೆಲಸಕ್ಕೆ ಬೆಟ್ಟದಲ್ಲಿ ಜನ ಸಿಗುವುದಿಲ್ಲ, ನಾನು ಪ್ರತಿ ಸಲ ಕೊಯಮತ್ತೂರಿನಿಂದ ಹತ್ತಿ ಹೋಗಲೂ ಆಗದು. ಉಸ್ತುವಾರಿ ಅಣ್ಣನ ಅಳಿಯ ಆ ದಿನ ನನ್ನ ಜೊತೆ ಚಾವಣಿಗೆ ಹತ್ತಿದ್ದ. ಈಗ ಅವನೇ ಕೋಟಗಿರಿಯ ಮೂರು ಮನೆಗಳಿಗೆ ಬ್ರಷ್ ಹಿಡಿದು ಹೋಗುತ್ತಾನೆ, ಉದುರಿದ ಪುಡಿಯ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾನೆ.